ಶವಪೆಟ್ಟಿಗೆಯ ಮಂದ್ರಸ್ವರ

ಗಣೇಶೋತ್ಸವದ ಪೆಂಡಾಲಿನಲ್ಲಿ ರಸಮಂಜರಿ ಕೇಳಿ ಬಂದವರನ್ನು ವಿಚಾರಿಸಿ ನೋಡಿ. ಹಾಡಿದವರ ಹೆಸರು ಹೇಳುತ್ತಾರೆ, ಕೀಬೋರ್ಡ್ ನುಡಿಸಿದವರನ್ನು ನೆನೆಯುತ್ತಾರೆ, ಡ್ರಮ್ಸ್ ಬಾರಿಸಿದ ಹುಡುಗನ ಕೈಚಳಕವನ್ನು ಕೊಂಡಾಡುತ್ತಾರೆ. ವೇದಿಕೆಯ ಮೂಲೆಯಲ್ಲಿ ನಿಂತು ನಾಲ್ಕು ತಂತಿಯ ಗಿಟಾರು ನುಡಿಸಿದವನು ಮಾತ್ರ ಯಾರ ನೆನಪಿನಲ್ಲೂ ಇರುವುದಿಲ್ಲ. ಆದರೆ ಅವನು ಒಂದು ನಿಮಿಷ ಕೈ ನಿಲ್ಲಿಸಲಿ, ಸಾರಿಗೆ ಉಪ್ಪು ಹಾಕಲು ಮರೆತಂತೆ ಇಡೀ ಹಾಡು ಸಪ್ಪೆಯಾಗುತ್ತದೆ. ಏನು ಕಡಿಮೆಯಾಯಿತೆಂದು ಕೇಳುಗನಿಗೆ ತಿಳಿಯುವುದಿಲ್ಲ. ಅವನ ಕಾಲು ತಾಳ ಹಾಕುವುದನ್ನು ಬಿಟ್ಟಿರುತ್ತದೆ, ಅಷ್ಟೆ.

ಬೇಸ್ ಗಿಟಾರಿನ ಪಾಡೇ ಹೀಗೆ. ಅದರ ಮಂದ್ರಸ್ವರವನ್ನು ಹುಟ್ಟಿಸುವುದು ಸುಲಭ, ಸಭೆಯ ಕೊನೆಯ ಸಾಲಿಗೆ ಮುಟ್ಟಿಸುವುದು ಕಷ್ಟ. ತಂತಿ ಮೀಟುವುದು ಬೆರಳಾದರೂ ಅದಕ್ಕೆ ಕಂಠ ಕೊಡುವುದು ನುಡಿಸುವವನ ಹಿಂದೆ ನಿಂತಿರುವ ಸ್ಪೀಕರ್ ಪೆಟ್ಟಿಗೆ. ಒಳ್ಳೆಯ ಪೆಟ್ಟಿಗೆ ಎಂದೂ ಅಗ್ಗವಲ್ಲ. ಹಾಗಾಗಿ ಅದನ್ನು ಕೈಯಾರೆ ಕಟ್ಟಿಕೊಂಡ ಹುಡುಗರ ಪರಂಪರೆಯೇ ಇದೆ. ಅಂಥ ಪೆಟ್ಟಿಗೆಗಳಲ್ಲಿ ಒಂದು ಇಂಗ್ಲೆಂಡಿನ ಬಂದರು ನಗರ ಲಿವರ್‌ಪೂಲಿನಲ್ಲಿ ಸಿದ್ಧವಾಯಿತು. ಅದರ ಹೆಸರು ‘ಶವಪೆಟ್ಟಿಗೆ’. ಅದನ್ನು ವೇದಿಕೆಗೆ ಹೊತ್ತವನು ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ.

ಆಗಿನ್ನೂ ಅವನು ಜಗತ್ಪ್ರಸಿದ್ಧನಲ್ಲ. ಮನೆಯವರಿಗೆ ಚಿಂತೆ ಹಚ್ಚಿದ್ದ ಹುಡುಗ. ತಾಯಿ ಮೇರಿ 1956ರಲ್ಲಿ ತೀರಿಕೊಂಡಾಗ ಅವನಿಗೆ 14 ವರ್ಷ. ತಂದೆ ಜಿಮ್ ಹತ್ತಿ ವ್ಯಾಪಾರದ ಕಂಪನಿಯಲ್ಲಿ ದುಡಿಯುತ್ತ ಇಬ್ಬರು ಗಂಡುಮಕ್ಕಳನ್ನು ಒಬ್ಬರೇ ಬೆಳೆಸುತ್ತಿದ್ದರು. ಅವರು ಸಂಗೀತದ ವೈರಿಯೇನಲ್ಲ. 1920ರ ದಶಕದಲ್ಲಿ ತಾವೇ ಒಂದು ವಾದ್ಯವೃಂದ ಕಟ್ಟಿ ಟ್ರಂಪೆಟ್ ಊದಿದವರು. ಆದರೂ ಮಗ 1960ರ ಕೊನೆಯಲ್ಲಿ ಜರ್ಮನಿಯ ಹ್ಯಾಂಬರ್ಗಿನಿಂದ ಬರಿಗೈಯಲ್ಲಿ ಮರಳಿದಾಗ, ಮೊದಲು ಒಂದು ಉದ್ಯೋಗ ನೋಡಿಕೊಳ್ಳುವಂತೆ ಹೇಳಿದರು. ಯಾವ ತಂದೆ ತಾನೆ ಬೇರೆ ಮಾತು ಹೇಳಿಯಾರು? ಮಗ ವಿದ್ಯುತ್ ಸುರುಳಿ ಸುತ್ತುವ ಕಾರ್ಖಾನೆಗೆ ಸೇರಿದ. ವಾರಕ್ಕೆ 7 ಪೌಂಡ್ ಸಂಬಳ. ಅಷ್ಟರಲ್ಲಿ, 1961ರ ಫೆಬ್ರವರಿಯಲ್ಲಿ, ಕ್ಯಾವರ್ನ್ ಎಂಬ ನೆಲಮಾಳಿಗೆ ಕ್ಲಬ್ಬಿನಿಂದ ಮಧ್ಯಾಹ್ನದ ಕಾರ್ಯಕ್ರಮಕ್ಕೆ ಕರೆ ಬಂತು. ಸುರುಳಿ ಸುತ್ತುವ ಕೆಲಸ ಅಲ್ಲಿಗೆ ಮುಗಿಯಿತು.

ಅದೇ ವರ್ಷ ತಂಡದ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆಯನ್ನು ಆರಿಸಿಕೊಂಡು ಹೊರನಡೆದ. ಮೂಲೆಯಲ್ಲಿ ನಿಲ್ಲುವ ಆ ಕೆಲಸ ಉಳಿದವರಲ್ಲಿ ಯಾರಿಗೂ ಬೇಡ. ಕೊನೆಗೆ ಅದು ಪಾಲ್‌ನ ಹೆಗಲಿಗೆ ಬಿತ್ತು. ಹ್ಯಾಂಬರ್ಗಿನ ಅಂಗಡಿಯೊಂದರಲ್ಲಿ ಸುಮಾರು 30 ಪೌಂಡಿಗೆ, ಪಿಟೀಲಿನ ಆಕಾರದ ಹಾಫ್ನರ್ ಬೇಸ್ ಗಿಟಾರ್ ಕೊಂಡ. ಎರಡೂ ಬದಿ ಸಮವಾಗಿದ್ದ ಅದರ ಆಕಾರ ಎಡಚನಾದ ಅವನಿಗೆ ಹಿಡಿಸಿತ್ತು. ವಾದ್ಯವೇನೋ ಬಂತು, ಅದರ ದನಿ ಜನರಿಗೆ ಕೇಳಿಸುವುದು ಹೇಗೆ?

ಭೌತಶಾಸ್ತ್ರದ ಪುಸ್ತಕ ಪ್ರವೇಶಿಸುವುದು ಇಲ್ಲಿ. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಭಾಗಿಸಿ ನೋಡಿದರೆ ಆ ಸ್ವರದ ಒಂದೊಂದು ಅಲೆಯೂ ಎಂಟು ಮೀಟರಿಗಿಂತ ಉದ್ದ, ಅಂದರೆ ಒಂದು ತರಗತಿಯ ಕೋಣೆಯಷ್ಟು! ಇಂಥ ಅಲೆಯನ್ನು ಎಬ್ಬಿಸಬೇಕಾದರೆ ತುಂಬ ಗಾಳಿಯನ್ನು ತಳ್ಳಬೇಕು. ಸ್ವರ ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಜೋರಾಗಿ ಕೇಳಿಸಲು ಸ್ಪೀಕರಿನ ಕಾಗದದ ಶಂಕು ನಾಲ್ಕು ಪಟ್ಟು ದೂರ ಹಿಂದೆಮುಂದೆ ಚಲಿಸಬೇಕು. ಜಾತ್ರೆಯ ಮೈಕಿನ ಕಹಳೆಯಲ್ಲಿ ಮಾತು ಮೈಲು ದೂರ ಕೇಳಿಸಿದರೂ ಡೋಲಿನ ಗುಂಗು ಕೇಳಿಸದಿರುವುದು ಏಕೆಂದು ಈಗ ಹೊಳೆದೀತು. ಆ ಕಹಳೆ ಮಂದ್ರಸ್ವರಕ್ಕೆ ಸಾಲದಷ್ಟು ಚಿಕ್ಕದು.

ಇನ್ನೊಂದು ತೊಡಕೂ ಇದೆ. ಶಂಕು ಮುಂದಕ್ಕೆ ಗಾಳಿಯನ್ನು ತಳ್ಳುವಾಗ ಹಿಂದುಗಡೆ ಅದೇ ಗಾಳಿಯನ್ನು ಸೆಳೆಯುತ್ತದೆ. ಸ್ಪೀಕರನ್ನು ಪೆಟ್ಟಿಗೆಯಿಲ್ಲದೆ ಬರಿದೆ ಮೇಜಿನ ಮೇಲಿಟ್ಟರೆ ಹಿಂದಿನ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ! ಪೆಟ್ಟಿಗೆಯ ಮೊದಲ ಕೆಲಸ ಈ ಜಗಳ ತಪ್ಪಿಸುವುದು. ಪೆಟ್ಟಿಗೆಗೆ ಸರಿಯಾದ ಅಳತೆಯ ಒಂದು ಬಾಯಿ ಕೊರೆದರೆ ಎರಡನೆಯ ಉಪಕಾರವೂ ಆಗುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಹೂಂ ಎಂಬ ದನಿ ಏಳುತ್ತದಲ್ಲ, ಅದೇ ತತ್ತ್ವದಿಂದ ಪೆಟ್ಟಿಗೆಯೊಳಗಿನ ಗಾಳಿಯೇ ಕೆಳಗಿನ ಸ್ವರಗಳಿಗೆ ದನಿಗೂಡಿಸುತ್ತದೆ.

ಇದನ್ನು ಬಲ್ಲ ಒಬ್ಬ ತರುಣ ಲಿವರ್‌ಪೂಲಿನಲ್ಲಿದ್ದ. ಹೆಸರು ಆಡ್ರಿಯನ್ ಬಾರ್ಬರ್. ಬಿಗ್ ಥ್ರೀ ಎಂಬ ಮೂವರ ತಂಡದಲ್ಲಿ ಗಿಟಾರ್ ವಾದಕ. ಬೇಸ್‌ಗೆಂದೇ ತಯಾರಾದ ಒಳ್ಳೆಯ ಸಲಕರಣೆ ಆಗಿನ ಬ್ರಿಟನ್ನಿನಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಸಿಕ್ಕರೂ ಹುಡುಗರ ಜೇಬಿಗೆ ಎಟುಕುತ್ತಿರಲಿಲ್ಲ. ಬಾರ್ಬರ್ ತನ್ನ ತಂಡಕ್ಕೆ ಬೇಕಾದುದನ್ನು ತಾನೇ ಮಾಡಿಕೊಂಡ. ಆಳೆತ್ತರವನ್ನು ನೆನಪಿಸುವ ಕಪ್ಪು ಪೆಟ್ಟಿಗೆಗಳನ್ನು ಕಟ್ಟಿದ. ಆಕಾರ ನೋಡಿದವರು ಅವುಗಳನ್ನು ‘ಶವಪೆಟ್ಟಿಗೆ’ ಎಂದು ಕರೆದರು. ಮೂವರೇ ಇದ್ದರೂ ಊರಿನ ಅತಿ ಜೋರಿನ ತಂಡವೆಂಬ ಹೆಸರು ಬಿಗ್ ಥ್ರೀಗೆ ಬಂತು. ಪಾಲ್ ತನಗೂ ಒಂದು ಬೇಕೆಂದ. ಬಾರ್ಬರ್ 15 ಅಂಗುಲದ ಒಂದು ಸ್ಪೀಕರ್ ಕೂರಿಸಿ ಪೆಟ್ಟಿಗೆ ಕಟ್ಟಿಕೊಟ್ಟ. ಅದಕ್ಕೆ ಶಕ್ತಿ ಒದಗಿಸಿದ್ದು ಕ್ವಾಡ್ ಎಂಬ ಆಂಪ್ಲಿಫೈಯರ್. ಮನೆಯಲ್ಲಿ ಕುಳಿತು ಗ್ರಾಮಫೋನ್ ತಟ್ಟೆ ಕೇಳುವವರಿಗಾಗಿ ತಯಾರಾದ, 15 ವಾಟ್‌ಗಳ ಯಂತ್ರ ಅದು. ಇಂದು ಮೊಬೈಲ್ ಚಾರ್ಜರುಗಳೇ ಇದಕ್ಕಿಂತ ಹೆಚ್ಚು ವಾಟ್ ಕೊಡುತ್ತವೆ!

ಈ ಪೆಟ್ಟಿಗೆಯೊಂದಿಗೆ ಪಾಲ್ ಕ್ಯಾವರ್ನಿನ ಇಟ್ಟಿಗೆ ಕಮಾನುಗಳ ಕೆಳಗೆ ನಿಂತ. ಒಂದು ಕಾಲದ ಉಗ್ರಾಣವಾಗಿದ್ದ ಆ ನೆಲಮಾಳಿಗೆಯಲ್ಲಿ ಗಾಳಿಯಾಡುತ್ತಿರಲಿಲ್ಲ, ಗೋಡೆಗಳೂ ಬೆವರುತ್ತಿದ್ದವು. ಬೀಟಲ್ಸ್ ಅಲ್ಲಿ 1963ರ ಆಗಸ್ಟಿನವರೆಗೆ ಸುಮಾರು 290 ಕಾರ್ಯಕ್ರಮ ಕೊಟ್ಟರು. ಅಷ್ಟು ಸಲ ಕೇಳುಗರೆದುರು ನಿಂತವನಿಗೆ ಯಾವ ಶಾಲೆಯ ಅಭ್ಯಾಸ ಕಡಿಮೆ? ತನ್ನ ದನಿ ತನಗೇ ಕೇಳಿಸಿದಾಗ ಮಾತ್ರ ವಾದಕ ಕಲಿಯುತ್ತಾನೆ. ಬೇಡವೆಂದು ಎಲ್ಲರೂ ಸರಿಸಿದ ವಾದ್ಯದಲ್ಲಿ ಪಾಲ್ ಮುಂದೆ ಹಾಡಿನೊಳಗೆ ಇನ್ನೊಂದು ಹಾಡಿನಂಥ ಸ್ವರಸಾಲುಗಳನ್ನು ಹೆಣೆದನೆಂದರೆ, ಅದಕ್ಕೆ ಅಡಿಪಾಯ ಬಿದ್ದುದು ಆ ನೆಲಮಾಳಿಗೆಯಲ್ಲಿ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಗೆದ್ದವರ ಕಥೆಯಾದೀತು. ಆದರೆ 1962ರ ಜೂನ್ 6ರಂದು ಬೇರೊಂದು ಪರೀಕ್ಷೆ ಎದುರಾಯಿತು. ಬೀಟಲ್ಸ್ ಲಂಡನ್ನಿನ ಆ್ಯಬಿ ರೋಡಿನಲ್ಲಿದ್ದ ಇಎಂಐ ಸ್ಟುಡಿಯೊಗೆ ಬಂದರು. ಅಲ್ಲಿ ಅವರ ಮೊದಲ ಧ್ವನಿಮುದ್ರಣ, ಭವಿಷ್ಯವೇ ಪಣಕ್ಕಿದ್ದ ದಿನ. ಪಾಲ್‌ಗೆ 20 ತುಂಬಲು ಇನ್ನು ಹನ್ನೆರಡು ದಿನ ಬಾಕಿ. ಅವನ ಬೇಸ್ ಸಲಕರಣೆಯನ್ನು ಚಾಲೂ ಮಾಡಿದಾಗ ಎಂಜಿನಿಯರ್ ನಾರ್ಮನ್ ಸ್ಮಿತ್ ಅವರಿಗೆ, ಈ ದನಿಯನ್ನು ಮುದ್ರಿಸಲು ಸಾಧ್ಯವಿಲ್ಲವೆಂಬುದು ಕೂಡಲೇ ತಿಳಿಯಿತು. ಜಾನ್ ಲೆನನ್‌ನ ಆಂಪ್ಲಿಫೈಯರ್ ಕೂಡ ಗಡಗಡ ಎನ್ನುತ್ತಿತ್ತು. ಅದಕ್ಕೆ ಹುರಿ ಬಿಗಿದು ಸದ್ದಡಗಿಸಬೇಕಾಯಿತು!

ನೆಲಮಾಳಿಗೆಯಲ್ಲಿ ನೂರಾರು ಜನರ ಮೈ ನಡುಗಿಸಿದ ದನಿ ಸ್ಟುಡಿಯೊದಲ್ಲಿ ಸೋತಿತೇಕೆ? ಗದ್ದಲದ ಸಭೆ ಕ್ಷಮಾಶೀಲ. ಸಣ್ಣ ಗುಂಯ್‌ಗುಡುವಿಕೆ, ಬಿರುಕು ದನಿ, ಸಡಿಲ ಮೊಳೆಯ ಕಟಕಟ ಎಲ್ಲವನ್ನೂ ನುಂಗಿಕೊಳ್ಳುತ್ತದೆ. ಒಂದು ಗೇಣು ದೂರದಲ್ಲಿಟ್ಟ ಮೈಕ್ರೊಫೋನಿಗೆ ಅಂಥ ದಾಕ್ಷಿಣ್ಯವಿಲ್ಲ.

ಆ ಹೊತ್ತಿನಲ್ಲಿ ಸ್ಟುಡಿಯೊದವರು ಹುಡುಗರನ್ನು ವಾಪಸು ಕಳಿಸಬಹುದಿತ್ತು, ಕಳಿಸಲಿಲ್ಲ. ತಂತ್ರಜ್ಞ ಕೆನ್ ಟೌನ್ಸೆಂಡ್ ಅವರು ಪ್ರತಿಧ್ವನಿ ಕೋಣೆಯಲ್ಲಿದ್ದ ದೊಡ್ಡ ಟ್ಯಾನಾಯ್ ಸ್ಪೀಕರನ್ನು ಎಳೆತಂದರು. ಲೀಕ್ ಆಂಪ್ಲಿಫೈಯರಿಗೆ ಗಿಟಾರಿನ ವೈರು ಸಿಕ್ಕಿಸುವ ಸಾಕೆಟ್ ಒಂದನ್ನು ಅಲ್ಲೇ ಬೆಸುಗೆ ಹಾಕಿದರು. ಅಂದರೆ ಆ ಹೆಸರಾಂತ ಸ್ಟುಡಿಯೊದಲ್ಲಿಯೂ ಕೆಲಸ ಉಳಿಸಿದ್ದು ಕೈಕೆಲಸವೇ. ಮುದ್ರಣ ನಡೆಯಿತು. ಬೀಟಲ್ಸ್‌ನ ಮೊದಲ ತಟ್ಟೆ ಅದೇ ವರ್ಷ ಅಕ್ಟೋಬರ್ 5ರಂದು ಬಿಡುಗಡೆಯಾಯಿತು. 1963ರಲ್ಲಿ ಪಾಲ್‌ಗೆ ವಾಕ್ಸ್ ಕಂಪನಿಯ ಬೇಸ್ ಆಂಪ್ಲಿಫೈಯರ್ ಬಂತು. ಶವಪೆಟ್ಟಿಗೆಯ ಸರದಿ ಮುಗಿಯಿತು.

ಹಾಗಾದರೆ ಪೆಟ್ಟಿಗೆ ಸೋತಿತೆ? ಇಲ್ಲ. ಮನೆಯಲ್ಲಿ ಕಟ್ಟಿದ ವಸ್ತು ಬಾಳಿನುದ್ದಕ್ಕೂ ಬರಬೇಕೆಂಬ ಕರಾರೇನಿಲ್ಲ. ಅದು ಹುಡುಗನನ್ನು ಮುಂದಿನ ಬಾಗಿಲವರೆಗೆ ಕರೆದೊಯ್ದರೆ ಸಾಕು. ಕಟ್ಟಿದವನನ್ನೂ ಅದು ಕೈಬಿಡಲಿಲ್ಲ. ಬಾರ್ಬರ್ 1962ರಲ್ಲಿ ಹ್ಯಾಂಬರ್ಗಿನ ಸ್ಟಾರ್ ಕ್ಲಬ್ಬಿನಲ್ಲಿ ವೇದಿಕೆಯ ಕೆಲಸ ನೋಡಿಕೊಂಡ. ಆ ವರ್ಷದ ಕೊನೆಯಲ್ಲಿ ಅವನು ಟೇಪಿಗೆ ಹಿಡಿದಿಟ್ಟ ಬೀಟಲ್ಸ್ ಕಾರ್ಯಕ್ರಮ 1977ರಲ್ಲಿ ತಟ್ಟೆಯಾಗಿ ಹೊರಬಂತು. ಮುಂದೆ ಅಮೆರಿಕದ ಅಟ್ಲಾಂಟಿಕ್ ಕಂಪನಿಯಲ್ಲಿ ಧ್ವನಿಮುದ್ರಣ ಎಂಜಿನಿಯರನಾದ. ಆಲ್ಮನ್ ಬ್ರದರ್ಸ್ ಬ್ಯಾಂಡಿನ 1969ರ ಮೊದಲ ಆಲ್ಬಮ್ಮಿನ ನಿರ್ಮಾಪಕ ಅವನೇ.

ಓದನ್ನೂ ಹವ್ಯಾಸವನ್ನೂ ಒಟ್ಟಿಗೆ ತೂಗಿಸಿದ ಉದಾಹರಣೆ ಬೇಕೆಂದರೆ ಕ್ವೀನ್ ತಂಡದ ಬೇಸ್ ವಾದಕ ಜಾನ್ ಡೀಕನ್ ಇದ್ದಾನೆ. 1971ರಲ್ಲಿ ಲಂಡನ್ನಿನ ಚೆಲ್ಸಿ ಕಾಲೇಜಿನಿಂದ ಎಲೆಕ್ಟ್ರಾನಿಕ್ಸಿನಲ್ಲಿ ಪ್ರಥಮ ದರ್ಜೆಯ ಪದವಿ ಪಡೆದ. ಮರುವರ್ಷ ಕಸದ ತೊಟ್ಟಿಯಲ್ಲಿ ಕಣ್ಣಿಗೆ ಬಿದ್ದ ಸರ್ಕ್ಯೂಟ್ ಹಲಗೆಯೊಂದನ್ನು ಮನೆಗೆ ತಂದು, ಪುಸ್ತಕದ ಕಪಾಟಿನಲ್ಲಿಡುವಂಥ ಪುಟ್ಟ ಸ್ಪೀಕರ್ ಪೆಟ್ಟಿಗೆಯೊಳಗೆ ಕೂರಿಸಿದ. 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಆ ಯಂತ್ರದ ದನಿ ವೇದಿಕೆಗೆ ಸಾಲದು. ಆದರೆ ಅದರ ತುಸು ಒಡೆದ ಕಂಠವೇ ಗೆಳೆಯ ಬ್ರಯನ್ ಮೇಗೆ ಮೆಚ್ಚಾಯಿತು. ಕ್ವೀನ್ ಧ್ವನಿಮುದ್ರಣಗಳಲ್ಲಿ ಪದರಪದರವಾಗಿ ಕೇಳುವ ಗಿಟಾರ್ ಮೇಳಕ್ಕೆ ಅದನ್ನು ಬಳಸಿದ. ಸಭೆಗೆ ಒದಗಿದ ಪೆಟ್ಟಿಗೆ ಸ್ಟುಡಿಯೊಗೆ ಒದಗಲಿಲ್ಲ, ಸಭೆಗೆ ಒದಗದ ಪೆಟ್ಟಿಗೆ ಸ್ಟುಡಿಯೊಗೆ ಒದಗಿತು. ಯಾವುದು ಎಲ್ಲಿಗೆ ಎಂಬುದನ್ನು ಕಟ್ಟಿ ನೋಡದೆ ತಿಳಿಯುವುದು ಹೇಗೆ?

ಇದನ್ನು ಓದಿ ಕೈ ತುರಿಸುತ್ತಿರುವ ವಿದ್ಯಾರ್ಥಿಗಳಿಗೆ ಒಂದಿಷ್ಟು ಕಿವಿಮಾತು. ಮೊದಲು ಸ್ಪೀಕರ್ ಆರಿಸಿ. ಪೆಟ್ಟಿಗೆಯ ಗಾತ್ರವನ್ನು ಅದರ ತಾಂತ್ರಿಕ ವಿವರದ ಹಾಳೆ ನೋಡಿ ನಿರ್ಧರಿಸಿ. ಒಳಅಳತೆ 60, 45 ಮತ್ತು 35 ಸೆಂಟಿಮೀಟರ್ ಇದ್ದರೆ ಸುಮಾರು 94 ಲೀಟರ್ ಗಾಳಿ ಹಿಡಿಯುತ್ತದೆ ಎಂಬ ಲೆಕ್ಕ ಶಾಲೆಯಲ್ಲಿ ಕಲಿತದ್ದೇ. 18 ಮಿಲಿಮೀಟರ್ ದಪ್ಪದ ಒಳ್ಳೆಯ ಪ್ಲೈವುಡ್ ಇರಲಿ. ಅಂಟು ಮತ್ತು ತಿರುಪು ಎರಡನ್ನೂ ಬಳಸಿ, ಒಳಗೆ ಅಡ್ಡಪಟ್ಟಿ ಕೊಟ್ಟು ಬಿಗಿ ಮಾಡಿ. ಮೂಲೆಯಲ್ಲಿ ಗಾಳಿ ಸೋರಿದರೆ ಮಂದ್ರವೂ ಸೋರುತ್ತದೆ. ಒಂದೂವರೆ ವೋಲ್ಟಿನ ಸೆಲ್ಲನ್ನು ಸ್ಪೀಕರಿಗೆ ಕ್ಷಣಕಾಲ ಮುಟ್ಟಿಸಿ. ಶಂಕು ಮುಂದಕ್ಕೆ ಬಂದರೆ ಸೆಲ್ಲಿನ ಧನ ತುದಿ ಮುಟ್ಟಿದ ಕಡೆಯೇ ಸ್ಪೀಕರಿನ ಧನ ತುದಿ. 8 ಓಮ್‌ನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ. ಆಂಪ್ಲಿಫೈಯರ್ ಅದನ್ನು ತಾಳಬಲ್ಲದೇ ಎಂದು ಮೊದಲೇ ನೋಡಿ. ಎಲ್ಲಕ್ಕಿಂತ ಮುಂಚೆ ಮನೆಯ ಬಾಗಿಲನ್ನೂ ಆಟೊರಿಕ್ಷಾದ ಸೀಟನ್ನೂ ಅಳೆದುಕೊಳ್ಳಿ. ಕಾರ್ಯಕ್ರಮಕ್ಕೆ ಹೋಗಲಾರದ ಪೆಟ್ಟಿಗೆ ಎಷ್ಟು ಚೆನ್ನಾಗಿ ನುಡಿದರೇನು?

ಹೆತ್ತವರು ಎರಡು ವಿಷಯಗಳಲ್ಲಿ ಮಾತ್ರ ಕಟ್ಟುನಿಟ್ಟಾಗಿರಬೇಕು. ಪೆಟ್ಟಿಗೆ ಕಟ್ಟುವುದರಲ್ಲಿ ಉಳಿಯಿಂದ ಬೆರಳು ಕೊಯ್ದುಕೊಳ್ಳುವುದಕ್ಕಿಂತ ದೊಡ್ಡ ಅಪಾಯವಿಲ್ಲ. ಆಂಪ್ಲಿಫೈಯರ್ ಬಿಚ್ಚುವುದು ಹಾಗಲ್ಲ. ಹಳೆಯ ವಾಲ್ವ್ ಯಂತ್ರಗಳೊಳಗೆ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು. ಬಲ್ಲವರ ಜೊತೆಯಿಲ್ಲದೆ ಅದಕ್ಕೆ ಕೈ ಹಾಕಗೊಡಬಾರದು. ಎರಡನೆಯದು ಕಿವಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆನ್ನುತ್ತಾರೆ; ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್‌ಗೆ ಸಿಗುವುದು ಬರೀ ಕಾಲು ಗಂಟೆ. ಕಿವಿಗೆ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಉಳಿದ ವಿಚಾರಗಳಿಗೆ ಜಿಮ್ ಮೆಕಾರ್ಟ್ನಿ ಅವರ ನಡವಳಿಕೆಯೇ ಮಾದರಿಯಾದೀತು. ಅವರು ಕೆಲಸ ಮಾಡುತ್ತಿದ್ದ ಸ್ಥಳ ಕ್ಯಾವರ್ನಿಗೆ ಹತ್ತಿರ. ಮಗನ ಮಧ್ಯಾಹ್ನದ ಕಾರ್ಯಕ್ರಮವಿದ್ದಾಗ ಊಟದ ಬಿಡುವಿನಲ್ಲಿ ಬರುತ್ತಿದ್ದರು. ರಾತ್ರಿಯ ಅಡುಗೆಗೆಂದು ಕೊಂಡ ಮಾಂಸದ ಪೊಟ್ಟಣವನ್ನು ಮಗನ ಕೈಗಿತ್ತು, ಮನೆಗೆ ಹೋಗಿ ಯಾವಾಗ ಒಲೆಯ ಮೇಲಿಡಬೇಕೆಂದು ಹೇಳಿ ಹೋಗುತ್ತಿದ್ದರು. ಉದ್ಯೋಗ ನೋಡಿಕೋ ಎಂದವರೂ ಅವರೇ, ಆ ಬೆವರುವ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದವರೂ ಅವರೇ. ಎರಡೂ ತಂದೆಯ ಕೆಲಸವೇ.