ಲೆಕ್ಕ ಇಡದೆ ಕುಡಿದ ನೀರು

"ನೀನು ಸೈಕಲ್ ತುಳಿದ್ರೆ ಅವರ ಕಿಡ್ನಿ ಹೇಗೆ ಸರಿಯಾಗ್ತದೆ ಪುತಾ?"

ಪಕ್ಕದ ಮನೆಯ ಬಾಯಮ್ಮ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೈಯಲ್ಲೊಂದು ರಶೀದಿ ಪುಸ್ತಕ, ಮುಖದಲ್ಲೊಂದು ಪೆಚ್ಚು ನಗು, ಅಷ್ಟೆ. ಅವರು ಒಳಗೆ ಹೋಗಿ ನೂರು ರೂಪಾಯಿ ತಂದು ಕೊಟ್ಟರು. ಉತ್ತರ ಸಿಗದಿದ್ದರೂ ಕೊಟ್ಟರು ನೋಡಿ! ಆ ಪ್ರಶ್ನೆ ಮಾತ್ರ ನನ್ನ ಜೊತೆ ರಾಜಸ್ಥಾನದ ತನಕ ಬಂತು.

ವಿಷಯ ಏನಂದ್ರೆ, 2023ರ ಡಿಸೆಂಬರಿನಲ್ಲಿ ನಾವು ಇಪ್ಪತ್ತೊಂದು ಜನ ಜೋಧಪುರದಿಂದ ಜೈಸಲ್ಮೇರಿಗೆ ಸೈಕಲ್ಲಿನಲ್ಲಿ ಹೋದೆವು. ನಾಲ್ಕು ದಿನ, ಹೆಚ್ಚುಕಮ್ಮಿ 300 ಕಿಲೋಮೀಟರು, ಥಾರ್ ಮರುಭೂಮಿ. ಹೋಗುವ ಮೊದಲು ಪ್ರತಿಯೊಬ್ಬರೂ ಗೊತ್ತಿದ್ದವರ ಹತ್ತಿರ ಹಣ ಎತ್ತಬೇಕು. ರೈಲು, ಊಟ, ವಸತಿಯ ಖರ್ಚು ನಮ್ಮದೇ ಕಿಸೆಯಿಂದ. ಎತ್ತಿದ ಹಣ ಪೂರ್ತಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಬಡವರಿಗೆ. 2016ರಲ್ಲಿ ಶುರುವಾದ ಕೇಂದ್ರ ಸರಕಾರದ ಯೋಜನೆಯಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಡಯಾಲಿಸಿಸ್ ಉಚಿತವಾಗಿ ಸಿಗುತ್ತದೆ, ನಿಜ. ಆದರೆ ವಾರಕ್ಕೆ ಎರಡು ಮೂರು ಸಲ ಹೋಗಿಬರುವ ಆಟೋ ಬಾಡಿಗೆ, ಹೊರಗಿನಿಂದ ತರಬೇಕಾದ ಇಂಜೆಕ್ಷನ್, ಜೊತೆಗೆ ಹೋದವರ ಅರ್ಧ ದಿನದ ಕೂಲಿ... ಅದಕ್ಕೆಲ್ಲ ಯಾರು ಕೊಡ್ತಾರೆ?

ನನಗೆ ಇದೆಲ್ಲ ಗೊತ್ತಾದದ್ದು ನಮ್ಮ ದೇರೆಬೈಲಿನ ಸೈಕಲ್ ರಿಪೇರಿಯವರಿಂದ. ಹೆಸರು ಬೇಡ, ನಾನು ಕರೆಯುವ ಹಾಗೆ 'ಅಣ್ಣೆರ್' ಅಂತಲೇ ಬರೀತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ಅರ್ಧ ಪೆಡಲು ತುಳಿದು ಬೀಳುತ್ತಿದ್ದ ಕಾಲದಿಂದಲೂ ನನ್ನ ಸೈಕಲ್ಲಿನ ಡಾಕ್ಟ್ರು ಅವರೇ. ಈಗ ಅವರಿಗೇ ವಾರಕ್ಕೆ ಮೂರು ದಿನ ಡಾಕ್ಟ್ರು. ಉಳಿದ ದಿನಗಳಲ್ಲಿ ಅಂಗಡಿ ತೆರೆಯುತ್ತಾರೆ.

ಅವರ ಸ್ಟೂಲಿನ ಪಕ್ಕ ಮುಕ್ಕಾಲು ಲೀಟರಿನ ಒಂದು ಬಾಟ್ಲಿ ಇರುತ್ತದೆ. ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ ನಾಲ್ಕು ಗೆರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ. ದಿನವಿಡೀ ಅವರಿಗೆ ಅಷ್ಟೇ ನೀರು. ಕಿಡ್ನಿ ಕೆಲಸ ಮಾಡದವರಿಗೆ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮುಂದಿನ ಡಯಾಲಿಸಿಸ್ ತನಕ ಮೈಯಲ್ಲೇ ನಿಲ್ಲುತ್ತದೆ. ಕಾಲು ಬಾತುಕೊಳ್ಳುತ್ತದೆ, ಹೆಚ್ಚಾದರೆ ಉಸಿರು ಕಟ್ಟುತ್ತದೆ. ಚಾ, ಸಾರು, ಗಂಜಿಯ ತಿಳಿ ಎಲ್ಲವೂ ಲೆಕ್ಕಕ್ಕೆ. ತೀರಾ ತಡೆಯಲಾಗದಿದ್ದರೆ ಬಾಯಲ್ಲೊಂದು ಐಸಿನ ತುಂಡು. ತಮಾಷೆ ಏನು ಗೊತ್ತುಂಟಾ? ಡಯಾಲಿಸಿಸ್ ಯಂತ್ರ ನಾಲ್ಕು ಗಂಟೆಯ ಒಂದು ಸರದಿಗೆ ಸುಮಾರು 120 ಲೀಟರ್ ಶುದ್ಧ ನೀರು ಬಳಸುತ್ತದೆ. "ಮಿಷನ್ ಗಟಗಟ ಕುಡಿತದೆ, ನಾನು ನೋಡ್ತಾ ಮಲಗುದು" ಅಂತ ಅಣ್ಣೆರ್ ನಗುತ್ತಾರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರು ಮಳೆ ಬೀಳುವ ಊರು ನಮ್ಮದು. ಊರಿನ ಹೆಸರಿನಲ್ಲೇ ಬೈಲು, ಅಂದರೆ ಗದ್ದೆ ಇದೆ. ಅಂಥಲ್ಲಿ ಒಬ್ಬ ಮನುಷ್ಯ ಮಳೆ ನೋಡುತ್ತಾ ಬಾಯಾರಿ ಕೂತಿರುತ್ತಾನೆ.

ಎರಡು ತಿಂಗಳು ಬೆಳಿಗ್ಗೆ ಐದಕ್ಕೇ ಎದ್ದು ಪ್ರಾಕ್ಟೀಸು ಮಾಡಿದೆ. ಕಾವೂರು, ಮರವೂರು ಸೇತುವೆ, ವಿಮಾನ ನಿಲ್ದಾಣದ ಏರು. ಭಾನುವಾರ ಕೂಳೂರು ದಾಟಿ ಮೂಲ್ಕಿ ತನಕ. ಕಾಲು ಗಟ್ಟಿಯಾಯಿತು, ಆದರೆ ಹಣ ಮಾತ್ರ ಏಳಲಿಲ್ಲ. ಐವತ್ತು ಸಾವಿರದ ಗುರಿಯಲ್ಲಿ ಹನ್ನೊಂದು ಸಾವಿರಕ್ಕೆ ನಿಂತುಬಿಟ್ಟಿತು. ಆಗ ನಾನೊಂದು ಕೆಲಸ ಮಾಡಿದೆ.

ಅಣ್ಣೆರ್ ಒಳಗೆ ಟ್ಯೂಬು ಹುಡುಕುತ್ತಿದ್ದಾಗ ಆ ಬಾಟ್ಲಿಯ ಫೋಟೋ ತೆಗೆದೆ. "ನಮ್ಮೂರಿನ ಒಬ್ಬರಿಗೆ ದಿನಕ್ಕೆ ಇಷ್ಟೇ ನೀರು" ಅಂತ ಬರೆದು ವಾಟ್ಸಾಪಿನಲ್ಲಿ ಹಾಕಿದೆ. ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ. ಎರಡು ದಿನದಲ್ಲಿ ಹದಿನೆಂಟು ಸಾವಿರ ಬಂತು! ಫೋಟೋದ ಮೂಲೆಯಲ್ಲಿ ಅಂಗಡಿಯ ನೀಲಿ ಬಾಗಿಲು ಕಾಣುತ್ತಿತ್ತು ಅನ್ನುವುದನ್ನು ನಾನು ನೋಡಿರಲಿಲ್ಲ. ಊರಿನವರು ನೋಡಿದ್ದರು.

ಹೊರಡುವ ಹಿಂದಿನ ದಿನ ಸೈಕಲ್ ತರಲು ಹೋದೆ. ಅಣ್ಣೆರ್ ರಿಮ್ಮಿನ ಬೆಂಡು ತೆಗೆದಿದ್ದರು, ಚೈನಿಗೆ ಎಣ್ಣೆ ಹಾಕಿದ್ದರು, ಎರಡು ಕಡ್ಡಿ ಹೊಸತು ಹಾಕಿದ್ದರು. "ಅಲ್ಲಿ ಮುಳ್ಳು ಜಾಸ್ತಿಯಂತೆ. ಪಂಕ್ಚರ್ ಹುಡುಕ್ಲಿಕ್ಕೆ ನೀರು ಬೇಡ, ಟ್ಯೂಬನ್ನು ಕೆನ್ನೆಗೆ ಹಿಡಿ, ಗಾಳಿ ಗೊತ್ತಾಗ್ತದೆ" ಅಂದರು. ಆಮೇಲೆ, "ನಾನೂರ ಎಂಬತ್ತು ರೂಪಾಯಿ."

ಇಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ಪೂರ್ತಿ ದುಡ್ಡು ಕೇಳಿದ್ದು ಅದೇ ಮೊದಲು. ಫೋಟೋದ ಬಗ್ಗೆ ಒಂದು ಮಾತು ಆಡಲಿಲ್ಲ. ಬಾಟ್ಲಿ ಸ್ಟೂಲಿನ ಪಕ್ಕ ಇರಲಿಲ್ಲ.

ಮಂಗಳೂರು ಜಂಕ್ಷನ್ನಿನಲ್ಲಿ ಅಜ್ಮೇರಿನ ರೈಲು ಹತ್ತಿದೆ. ರೈಲಿನ ಹೆಸರು ಮರುಸಾಗರ್. ಮರುಭೂಮಿಯೂ ಸಾಗರವೂ ಒಂದೇ ಹೆಸರಿನಲ್ಲಿ! ಕೊಂಕಣದ ಸುರಂಗಗಳ ಉದ್ದಕ್ಕೂ ಆ ನಾನೂರ ಎಂಬತ್ತು ರೂಪಾಯಿ ತಲೆಯಲ್ಲಿ ಕೊರೆಯುತ್ತಿತ್ತು.

ಮರುಭೂಮಿ ಅಂದರೆ ಬರೀ ಮರಳು ಅಂದುಕೊಂಡಿದ್ದೆ. ಹಾಗಲ್ಲ ಮಾರಾಯ್ರೆ. ಮೊದಲ ದಿನ ಓಸಿಯಾಂ ಅನ್ನುವ ಊರು, ಸಾವಿರ ವರ್ಷಕ್ಕೂ ಹಳೆಯ ದೇವಸ್ಥಾನಗಳು. ಎರಡನೇ ದಿನ ಫಲೋದಿ. 2016ರ ಮೇ 19ರಂದು 51 ಡಿಗ್ರಿ ಸೆಖೆ ದಾಖಲಾದ ಜಾಗ ಅದು, ಡಿಸೆಂಬರಿನ ಬೆಳಿಗ್ಗೆ ನಮ್ಮ ಹಲ್ಲು ಕಟಕಟ ಅನ್ನುತ್ತಿತ್ತು. ಪಕ್ಕದ ಖೀಚನ್‌ನಲ್ಲಿ ಚಳಿಗಾಲಕ್ಕೆಂದು ದೂರದೇಶದಿಂದ ಬರುವ ಕುರ್ಜಾ ಹಕ್ಕಿಗಳಿಗೆ ಊರಿನವರು ದಿನಾ ಕಾಳು ಹಾಕುತ್ತಾರೆ. ದಾರಿಯುದ್ದಕ್ಕೂ ಖೇಜಡಿ ಮರ. ಯಾವುದಪ್ಪಾ ಇದು ಅಂತ ನೋಡಿದರೆ ನಮ್ಮ ದಸರಾದ ಬನ್ನಿ! ಈ ಮರಗಳನ್ನು ಕಡಿಯಲು ಬಿಡದೆ 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ 363 ಮಂದಿ ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಮನೆಗಳ ಅಂಗಳದಲ್ಲಿ ಟಾಂಕಾ, ಅಂದರೆ ಮಳೆನೀರು ಹಿಡಿದಿಡುವ ನೆಲದೊಳಗಿನ ತೊಟ್ಟಿ. ಕೆಲವಕ್ಕೆ ಬೀಗ. ಚಿನ್ನಕ್ಕೆ ಹಾಕುವ ಹಾಗೆ ನೀರಿಗೆ ಬೀಗ!

ಮೂರನೇ ರಾತ್ರಿ ಪೋಖ್ರಣ್. 1974ರಲ್ಲಿ, ಮತ್ತೆ 1998ರಲ್ಲಿ ಅಣುಬಾಂಬು ಪರೀಕ್ಷೆ ಆದದ್ದು ಇಲ್ಲೇ ಹತ್ತಿರದಲ್ಲಿ. ಅಲ್ಲಿಂದ ಜೈಸಲ್ಮೇರಿಗೆ ಸುಮಾರು 110 ಕಿಲೋಮೀಟರು, ಒಂದೇ ದಿನದಲ್ಲಿ. ಲಾಠಿ ಅನ್ನುವ ಊರು ದಾಟಿದ ಮೇಲೆ ಹಿಂದಿನ ಚಕ್ರ ಪಂಕ್ಚರು. ಚುಚ್ಚಿದ್ದು ಯಾರು ಹೇಳಿ? ನಮ್ಮ ಬಳ್ಳಾರಿ ಜಾಲಿ! ಜೊತೆಯವರು ಮುಂದೆ ಹೋಗಿದ್ದರು. ನಾನು ಟ್ಯೂಬು ಬಿಚ್ಚಿ, ಅಭ್ಯಾಸಬಲದಿಂದ, ಬಾಟ್ಲಿಯ ನೀರನ್ನು ಸುರಿದು ಗುಳ್ಳೆ ಎಲ್ಲಿ ಬರುತ್ತದೆ ಅಂತ ಹುಡುಕಿದೆ. ತೂತು ಸಿಕ್ಕಿತು, ನೀರು ಖಾಲಿಯಾಯಿತು. ಕೆನ್ನೆಯ ನೆನಪಾದದ್ದು ಆಮೇಲೆ. ನೀರಿನ ಊರಿನವನ ಬುದ್ಧಿ :)

ಮುಂದಿನ ಒಂದೂವರೆ ಗಂಟೆ ಎದುರು ಗಾಳಿ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಕಣ್ಣೆದುರು ಆ ನಾಲ್ಕು ಗೆರೆ. ನನ್ನದು ಒಂದೂವರೆ ಗಂಟೆಯ ಬಾಯಾರಿಕೆ, ಅವರದು ಮೂರು ವರ್ಷದ್ದು. ಮುಂದೆ ರಸ್ತೆ ಬದಿಯಲ್ಲಿ ಒಂದು ಪ್ಯಾವೂ ಕಾಣಿಸಿತು, ನಮ್ಮ ಅರವಟ್ಟಿಗೆಯ ಹಾಗೆ. ಸಾಲು ಮಡಕೆ, ಒಬ್ಬ ಮುದುಕ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ಬೊಗಸೆಗೆ ಸುರಿದ. ಕುಡಿದೆ, ಮತ್ತೆ ಕುಡಿದೆ. ಎಷ್ಟು ಕುಡಿದೆ ಗೊತ್ತಿಲ್ಲ. ಲೆಕ್ಕ ಇಡದೆ ನೀರು ಕುಡಿಯುವುದು ಎಂಥ ಶ್ರೀಮಂತಿಕೆ ಅಂತ ಆವತ್ತು ಗೊತ್ತಾಯಿತು.

ಉಳಿದ ದಾರಿಯಲ್ಲಿ ಬಾಯಮ್ಮನ ಪ್ರಶ್ನೆಗೆ ಉತ್ತರ ಹುಡುಕಿದೆ. ನೆನಪಾದವನು ಆಟಿ ಕಳೆಂಜ. ಆಟಿ ತಿಂಗಳ ಮಳೆಯಲ್ಲಿ ಮುಖಕ್ಕೆ ಬಣ್ಣ ಬಳಿದು, ತೆಂಗಿನ ತಿರಿ ಸುತ್ತಿಕೊಂಡು, ಓಲೆ ಕೊಡೆ ಹಿಡಿದು ಮನೆಮನೆಗೆ ಬಂದು ಕುಣಿಯುತ್ತಾನಲ್ಲ, ಅವನು. ಮನೆಯವರು ಅಕ್ಕಿ, ತೆಂಗಿನಕಾಯಿ ಕೊಡುತ್ತಾರೆ, ಅವನು ಊರಿನ ಮಾರಿ ಕಳೆಯುತ್ತಾನೆ. ಅವನು ಕುಣಿದರೆ ಜ್ವರ ಹೇಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಬೇಡಲಿಕ್ಕೂ ಕೊಡಲಿಕ್ಕೂ ಒಂದು ನೆಪ ಬೇಕು, ಕುಣಿತವೇ ಆ ನೆಪ. ಕೆನಡಾದ ಟೆರ್ರಿ ಫಾಕ್ಸ್ ಕ್ಯಾನ್ಸರಿಗೆ ಒಂದು ಕಾಲು ಕಳೆದುಕೊಂಡವನು. 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರು ಓಡಿ, ತಲೆಗೊಂದು ಡಾಲರು ಕೊಡಿ ಅಂತ ದೇಶವನ್ನೇ ಕೇಳಿದ. ಮರುವರ್ಷ ತೀರಿಕೊಂಡ. ಅವನು ಮುಂದಿಟ್ಟದ್ದು ತನ್ನದೇ ಕಾಲು. ಕಳೆಂಜ ಮುಂದಿಡುವುದು ತನ್ನದೇ ಕುಣಿತ. ನನ್ನ ಹತ್ತಿರ ಕುಣಿಯಲಿಕ್ಕೆ ಸೈಕಲ್ ಇತ್ತು. ಅದು ಸಾಲದೆಂದು ಇನ್ನೊಬ್ಬರ ಬಾಟ್ಲಿಯನ್ನು ಬೀದಿಗೆ ತಂದೆ.

ಊರಿಗೆ ಬಂದ ಮರುದಿನ ಅಂಗಡಿಗೆ ಹೋಗಿ, "ಅಣ್ಣೆರೆ, ಫೋಟೋ ಹಾಕಿದ್ದು ತಪ್ಪಾಯ್ತು" ಅಂದೆ. ಅವರು ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಎಷ್ಟು ಆಯ್ತು ಒಟ್ಟು?"

"ಐವತ್ಮೂರು ಸಾವಿರದ ಇನ್ನೂರು."

"ಅದ್ರಲ್ಲಿ ಬಾಟ್ಲಿಯದ್ದು?"

"ಹದಿನೆಂಟು."

"ಹಾಗಾದ್ರೆ ನಾನೂ ಸ್ವಲ್ಪ ತುಳಿದ ಹಾಗಾಯ್ತಲ್ಲ ಮಾರಾಯ" ಅಂದರು. ನಗಲಿಲ್ಲ. ಸ್ವಲ್ಪ ತಡೆದು, "ಕೇಳಿದ್ರೆ ಬೇಡ ಅಂತಿರ್ಲಿಲ್ಲ ನಾನು. ನೀನು ಕೇಳ್ಲಿಲ್ಲ" ಅಂದರು.

ಅದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಬಾಯಮ್ಮನ ಪ್ರಶ್ನೆಗಿಂತ ಕಷ್ಟದ್ದು ಇದು.

ಇದನ್ನು ಬರೆಯುವ ಮೊದಲು ಅವರಿಗೆ ಪೂರ್ತಿ ಓದಿ ಹೇಳಿದ್ದೇನೆ. ಹೆಸರು ಹಾಕಬೇಡ, ಬಾಟ್ಲಿ ಇರಲಿ ಅಂದಿದ್ದಾರೆ. ಮತ್ತೆ, ಕೆನ್ನೆಗೆ ಟ್ಯೂಬು ಹಿಡಿಯುವ ವಿಷಯ ಸರಿಯಾಗಿ ಬರಿ, ಬೇರೆ ಯಾರಾದರೂ ಮರುಭೂಮಿಗೆ ಹೋಗುವವರಿಗೆ ಉಪಕಾರ ಆಗ್ತದೆ ಅಂದಿದ್ದಾರೆ. ಬರೆದಿದ್ದೇನೆ.

ಬಾಟ್ಲಿ ಈಗ ಮತ್ತೆ ಸ್ಟೂಲಿನ ಪಕ್ಕಕ್ಕೆ ಬಂದಿದೆ.