ಪೆರ್ಗೆಯ ಅರಸಿ: ರೋಮನ್ ಪ್ರಾಂತೀಯ ನಾಣ್ಯಗಳಲ್ಲಿ ದೇವತಾನಿರ್ಣಯ

ರೋಮನ್ ಸಾಮ್ರಾಜ್ಯದ ಪೂರ್ವಭಾಗದ ನೂರಾರು ನಗರಗಳು ಅಗಸ್ಟಸನ ಕಾಲದಿಂದ ಕ್ರಿ.ಶ. ಮೂರನೆಯ ಶತಮಾನದವರೆಗೆ ತಮ್ಮದೇ ಕಂಚಿನ ನಾಣ್ಯಗಳನ್ನು ಟಂಕಿಸುತ್ತಿದ್ದವು. ಮುಮ್ಮುಖ ಚಕ್ರವರ್ತಿಯದು, ಹಿಮ್ಮುಖ ಊರಿನದು. ಅಲ್ಲಿ ಊರಿನ ದೇವತೆ, ಗುಡಿ, ನದಿ. ಸುತ್ತ ಗ್ರೀಕ್ ಬರಹ. ಊರ ಜನರ ಹೆಸರು ಸಾಮಾನ್ಯವಾಗಿ ಷಷ್ಠೀ ಬಹುವಚನದಲ್ಲಿರುತ್ತದೆ: 'ಪೆರ್ಗೈಯೋನ್', ಅಂದರೆ 'ಪೆರ್ಗೆಯವರ' (ನಾಣ್ಯ ಎಂಬುದು ಅಧ್ಯಾಹಾರ). ಚಂದ್ರವಳ್ಳಿಯಲ್ಲಿ ದೊರೆತ ರೋಮನ್ ದಿನಾರಿಗಳು ಈ ವರ್ಗದವಲ್ಲ. ಅವು ಸಾಮ್ರಾಜ್ಯದ ಬೆಳ್ಳಿ, ದೂರದ ವ್ಯಾಪಾರಕ್ಕೆ ಸಲ್ಲುವಂಥವು. ಪ್ರಾಂತದ ಕಂಚು ಹೆಚ್ಚಾಗಿ ತನ್ನ ಸೀಮೆಯಲ್ಲೇ ಚಲಾವಣೆಯಾಗಿ ಸವೆಯುತ್ತಿತ್ತು.

ಬರಹ ಸವೆದ ನಾಣ್ಯದಲ್ಲಿ ಲಾಂಛನವೇ ಆಧಾರ. ತೀರ್ಥಂಕರ ಬಿಂಬಗಳನ್ನು ಬಲ್ಲವರಿಗೆ ಈ ಕ್ರಮ ಪರಿಚಿತವೇ: ಐದು ಹೆಡೆಯಾದರೆ ಸುಪಾರ್ಶ್ವ, ಏಳಾದರೆ ಪಾರ್ಶ್ವ. ಕೋಟೆಯಾಕಾರದ ಕಿರೀಟ, ಚುಕ್ಕಾಣಿ, ಸಮೃದ್ಧಿಯ ಕೊಂಬು ಇದ್ದರೆ ನಗರದ ಭಾಗ್ಯದೇವತೆ ಟೈಕೆ. ಗಡ್ಡದ ಮುಖ, ತಲೆಯ ಮೇಲೆ ಧಾನ್ಯದ ಕೊಳಗವಿದ್ದರೆ ಸೆರಾಪಿಸ್. ಆ ಕೊಳಗ ಅಳಿಸಿಹೋದರೆ ಅವನನ್ನು ಜ್ಯೂಸನಿಂದ ಬೇರ್ಪಡಿಸುವುದು ಕಷ್ಟ. ಹಾವು ಸುತ್ತಿದ ದಂಡ ಅಸ್ಕ್ಲೆಪಿಯಸನದು. ಬಟ್ಟಲಿನಿಂದ ಹಾವಿಗೆ ಉಣಿಸುವವಳು ಹೈಗೀಯಾ.

ಆದರೆ ಲಾಂಛನ ಎಲ್ಲೆಡೆ ನೆರವಾಗದು. ಪಂಫೀಲಿಯಾ ಪ್ರದೇಶದ (ಇಂದಿನ ದಕ್ಷಿಣ ತುರ್ಕಿ) ಪೆರ್ಗೆಯ ನಾಣ್ಯಗಳಲ್ಲಿ ಎರಡು ಕಂಬಗಳ ಗುಡಿಯೊಳಗೆ ಒಂದು ವಿಚಿತ್ರ ಮೂರ್ತಿಯಿದೆ. ಕೈಕಾಲುಗಳಿಲ್ಲದ ದುಂಡನೆಯ ಶಿಲೆ, ಅದರ ಮೇಲೊಂದು ಸ್ತ್ರೀಮುಖ, ಶಿಲೆಯ ಮೈಮೇಲೆ ಸಾಲುಸಾಲಾಗಿ ಕಿರುರೂಪಗಳು. ಬರಹ ಅದನ್ನು 'ಪೆರ್ಗೆಯ ಆರ್ಟೆಮಿಸ್' ಎನ್ನುತ್ತದೆ. ಅದೇ ಊರಿನ ಬೇರೆ ನಾಣ್ಯಗಳಲ್ಲಿ ಬಿಲ್ಲು ಹಿಡಿದ ಬೇಟೆಗಾರ್ತಿಯೂ ಇದ್ದಾಳೆ. ಹೆಸರೊಂದು, ರೂಪ ಎರಡು.

ಇವರಲ್ಲಿ ಮೊದಲಿನವಳು ಯಾರು? ರೋಮನ್ನರಿಗೂ ಹಿಂದಿನ, ಹೆಲೆನಿಸ್ಟಿಕ್ ಕಾಲದ ಪೆರ್ಗೆಯ ನಾಣ್ಯಗಳಲ್ಲಿ ಉತ್ತರವಿದೆ. ಅಲ್ಲಿ ಕೆಲವು ನಾಣ್ಯಗಳಲ್ಲಿ ಆರ್ಟೆಮಿಸ್ ಎಂಬ ಹೆಸರಿಲ್ಲ. ಸ್ಥಳೀಯ ಉಪಭಾಷೆಯಲ್ಲಿ 'ವನಸ್ಸಸ್ ಪ್ರೇಯಿಯಸ್', ಅಂದರೆ 'ಪೆರ್ಗೆಯ ಅರಸಿಯ' ಎಂದಿದೆ. ಹೋಮರನ ಗ್ರೀಕಿನಲ್ಲಿ ಈ ಪದ 'ಅನಸ್ಸ'. ಆದಿಯ ವಕಾರ ಬಹುಪಾಲು ಉಪಭಾಷೆಗಳಲ್ಲಿ ಅಳಿದಿತ್ತು, ಪಂಫೀಲಿಯಾದಲ್ಲಿ ಉಳಿದಿತ್ತು. ಹಳಗನ್ನಡದ ಱ, ೞಗಳನ್ನು ಬಲ್ಲವರಿಗೆ ಇಂಥ ಉಳಿಕೆಯ ಬೆಲೆ ತಿಳಿದಿದೆ. ಆ ಒಂದು ಅಕ್ಷರ, ಗ್ರೀಕ್ ಹೆಸರು ಬಂದು ಕೂಡುವ ಮೊದಲೇ ಅಲ್ಲಿ ಒಡತಿಯೊಬ್ಬಳಿದ್ದಿರಬಹುದೆಂಬುದಕ್ಕೆ ಸೂಚನೆ.

ಆದ್ದರಿಂದ ನಾಣ್ಯಸೂಚಿಯಲ್ಲಿ ಈ ಮೂರ್ತಿಯನ್ನು 'ಡಯಾನಾ' ಎಂದಷ್ಟೇ ಬರೆಯುವುದು, ಹೆಡೆ ಕಂಡಿತೆಂದು ಪದ್ಮಾವತಿಯನ್ನು ಬರಿಯ ನಾಗದೇವತೆಯೆಂದು ದಾಖಲಿಸಿದಂತೆಯೇ ಸರಿ. ಬರಹವನ್ನು ಓದಬೇಕು, ಮೂರ್ತಿಯನ್ನೂ ನೋಡಬೇಕು; ಎರಡೂ ಹೊಂದದಿದ್ದಲ್ಲಿ ಮೂರ್ತಿಯ ಮಾತನ್ನು ಮೊದಲು ಕೇಳುವುದು ಲೇಸು. ಬರಹ ಕಾಲಕಾಲಕ್ಕೆ ಆಡಳಿತದ ಭಾಷೆಗೆ ಒಲಿಯುತ್ತದೆ, ಗರ್ಭಗುಡಿಯ ಶಿಲೆ ಅಷ್ಟು ಬೇಗ ಬದಲಾಗದು.

ಮೂರನೆಯ ಶತಮಾನದ ಬೆಲೆಯೇರಿಕೆಯಲ್ಲಿ ಊರಿನ ಕಂಚಿಗೆ ಬೆಲೆ ಉಳಿಯಲಿಲ್ಲ. ನಗರಗಳ ಟಂಕಸಾಲೆಗಳು ಒಂದೊಂದಾಗಿ ನಿಂತುಹೋದವು. ಕೊನೆಯವರೆಗೆ ಟಂಕಿಸಿದ ಕೆಲವೇ ಊರುಗಳಲ್ಲಿ ಪೆರ್ಗೆಯೂ ಒಂದು. ಚಕ್ರವರ್ತಿ ಟಾಸಿಟಸನ ಹೆಸರಿನಲ್ಲಿ, 275-276ರಲ್ಲಿಯೂ ಅಲ್ಲಿ ನಾಣ್ಯಗಳು ಹೊರಬಂದಿವೆ.