ದೀಪ ಆರಿಸಿದರೆ ಹಂಡೆ ಬಿಸಿ

ಹೊಸನಗರದಲ್ಲಿ ನಾನು ರೇಡಿಯೊ, ಟಿ.ವಿ. ರಿಪೇರಿ ಅಂಗಡಿ ಇಟ್ಟಾಗ ಸರ್ಕ್ಯೂಟ್ ಬೋರ್ಡು ಎಂದರೆ ರಿಪೇರಿಗೆ ಬರುವ ವಸ್ತು, ನಾವೇ ಮಾಡುವಂಥದ್ದಲ್ಲ. ಏಪ್ರಿಲ್, ಮೇ ತಿಂಗಳ ಸಿಡಿಲು ಬಂತೆಂದರೆ ನನಗೆ ಸುಗ್ಗಿ. ನಿಟ್ಟೂರು, ಸಂಪೇಕಟ್ಟೆ, ನಗರ ಎಂಬ ಊರುಗಳ ಕಡೆಯವರು ಸುಟ್ಟ ಫೋನು, ಪಂಪಿನ ಸ್ಟಾರ್ಟರುಗಳನ್ನು ಚೀಲದಲ್ಲಿ ತುಂಬಿಕೊಂಡು ಬಸ್ಸಿಳಿಯುತ್ತಿದ್ದರು. ಕೆಲವು ಸ್ಟಾರ್ಟರ್ ಬಿಚ್ಚಿದರೆ ಸಿಡಿಲಿನ ಸುಳಿವೇ ಇರುತ್ತಿರಲಿಲ್ಲ. ಎರಡು ತಾಮ್ರದ ಟ್ರ್ಯಾಕಿನ ನಡುವೆ ಹಲ್ಲಿಯೊಂದು ಕರಿದುಹೋಗಿರುತ್ತಿತ್ತು.

ಬೋರ್ಡು ಮಾಡುವ ಕೆಲಸಕ್ಕೆ ನನ್ನನ್ನು ಎಳೆದದ್ದು ಹಳ್ಳದ ಕರೆಂಟು. ಜೋಗದಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರೂರೇ ಮುಳುಗಿದವು. ಆದರೂ ಕಾಡಂಚಿನ ಒಂಟಿಮನೆಗಳಿಗೆ ತಂತಿ ಬರುವುದು ಬಹಳ ತಡವಾಯಿತು. ಬಂದ ಮೇಲೂ ಆಷಾಢದ ಗಾಳಿಗೆ ಮರ ಬಿದ್ದರೆ ದಿನಗಟ್ಟಲೆ ಕತ್ತಲೆ. ಅಂಥ ಮನೆಯವರು ಗುಡ್ಡದ ಹಳ್ಳವನ್ನು ಪೈಪಿನಲ್ಲಿ ಇಳಿಸಿ, ಒಂದು ಕಿಲೋವಾಟ್ ಆಸುಪಾಸಿನ ಪುಟ್ಟ ಟರ್ಬೈನ್ ಹಾಕಿಸಿಕೊಂಡರು. ಅದರ ತೊಂದರೆ ಒಂದೇ. ಮನೆಯಲ್ಲಿ ದೀಪ ಆರಿಸಿದರೆ ಚಕ್ರದ ಭಾರ ತಗ್ಗಿ ಅದು ಜೋರಾಗಿ ತಿರುಗುತ್ತದೆ, ವೋಲ್ಟೇಜು ಏರುತ್ತದೆ, ಉಳಿದ ಬಲ್ಬು ಸುಡುತ್ತದೆ. ಅದಕ್ಕೇ ಲೋಡ್ ಕಂಟ್ರೋಲರ್. ಮನೆಗೆ ಬೇಡವಾದ ಕರೆಂಟನ್ನು ಅದು ಹೀಟರ್ ಕಾಯಿಲಿಗೆ ತಿರುಗಿಸುತ್ತದೆ. ಕಾಯಿಲು ಇರುವುದು ಬಚ್ಚಲ ಹಂಡೆಯಲ್ಲಿ. ದೀಪ ಆರಿಸಿದಷ್ಟೂ ಸ್ನಾನದ ನೀರು ಬಿಸಿ! ಇದಕ್ಕಿಂತ ಸೊಗಸಾದ ಎಂಜಿನಿಯರಿಂಗನ್ನು ನಾನು ನೋಡಿಲ್ಲ.

ಒಂದು ಮಳೆಗಾಲ ತುಮರಿ ಕಡೆಯ ಹೆಗಡೆಯವರೊಬ್ಬರು ಲಾಂಚಿನಲ್ಲಿ ಹಿನ್ನೀರು ದಾಟಿ ಬಂದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಂಟ್ರೋಲರನ್ನು ಮೇಜಿನ ಮೇಲಿಟ್ಟರು. "ತಮ್ಮಾ, ನೀರು ಬತ್ತಾ ಇದ್ದು, ಕರೆಂಟ್ ಬತ್ತಿಲ್ಲೆ." ಬಿಚ್ಚಿ ನೋಡಿದೆ. ತಯಾರಕರು ಪ್ರತಿ ಐಸಿಯ ನಂಬರನ್ನೂ ಉಪ್ಪುಕಾಗದದಲ್ಲಿ ಉಜ್ಜಿ ಅಳಿಸಿದ್ದರು. ಯಾರೂ ನಕಲು ಮಾಡಬಾರದೆಂದು ಅವರ ಲೆಕ್ಕ, ಆದರೆ ಹಾಗೆ ಅಳಿಸಿದ್ದನ್ನು ರಿಪೇರಿ ಮಾಡುವವನೂ ಓದಲಾರ. "ಇದು ಆಗ್ತಿಲ್ಲ ಹೆಗಡೇರೇ, ಬೇರೆಯದೇ ಮಾಡಿಕೊಡ್ತೀನಿ" ಎಂದುಬಿಟ್ಟೆ. ಬಾಯಿ ತಪ್ಪಿ ಬಂದ ಮಾತು.

ಬೆಂಗಳೂರಿನ ಎಸ್.ಪಿ. ರೋಡಿನಿಂದ ತಾಮ್ರದ ಹಾಳೆಯ ಬೋರ್ಡು ತಂದು, ಗ್ರಾಫ್ ಕಾಗದದಲ್ಲಿ ಗೆರೆ ಹಾಕಿ, ಮಾರ್ಕರ್ ಪೆನ್ನು ಸಾಲದ ಕಡೆ ಮನೆಯವಳ ಉಗುರುಬಣ್ಣ ಬಳಿದೆ. ಫೆರಿಕ್ ಕ್ಲೋರೈಡಿನಲ್ಲಿ ಅದ್ದಿದರೆ ಬಣ್ಣವಿಲ್ಲದ ಕಡೆಯ ತಾಮ್ರ ಕರಗುತ್ತದೆ. ಆ ಕಂದು ಕಲೆ ಲುಂಗಿಯಿಂದ ಈವತ್ತಿಗೂ ಹೋಗಿಲ್ಲ. ಬೋರ್ಡೇನೋ ನಡೆಯಿತು. ಆದರೆ ಒಂದರಂತೆ ಇನ್ನೊಂದು ಇರಲಿಲ್ಲ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಯಾವುದರಲ್ಲಿ ಏನು ತಿದ್ದಿದ್ದೆ ಎಂದು ನನಗೇ ಮರೆತಿತ್ತು.

ಆಮೇಲೆ ಕಂಪ್ಯೂಟರು. ಬೆಂಗಳೂರಿನಿಂದ ಕದ್ದ ಸಾಫ್ಟ್‌ವೇರಿನ ಸಿ.ಡಿ. ತಂದೆ, ಮುಚ್ಚಿಡುವುದೇನು? ಜೊತೆಗೆ ವೈರಸ್ಸೂ ಬಂತು. ಒಂದು ಮಳೆಗಾಲದ ನಕ್ಷೆಗಳು ಹೋದವು. ಆಮೇಲೆ ಪ್ರಾಮಾಣಿಕನಾಗಿ ಈಗಲ್ ಎಂಬ ಸಾಫ್ಟ್‌ವೇರಿನ ಉಚಿತ ಆವೃತ್ತಿ ಹಿಡಿದೆ. ಅದರಲ್ಲಿ 100 ಮಿ.ಮೀ. ಉದ್ದ, 80 ಮಿ.ಮೀ. ಅಗಲದ ಬೋರ್ಡಿಗೆ ಮಾತ್ರ ಅವಕಾಶ. ಹೀಟ್‌ಸಿಂಕ್ ಹೊತ್ತ ನನ್ನ ಕಂಟ್ರೋಲರು ಅದರೊಳಗೆ ಕೂರುತ್ತಿರಲಿಲ್ಲ. ಎರಡು ತುಂಡು ಮಾಡಿ ತಂತಿಯಿಂದ ಬೆಸೆಯುತ್ತಿದ್ದೆ. 2016ರಲ್ಲಿ ಈಗಲನ್ನು ಆಟೋಡೆಸ್ಕ್ ಕೊಂಡಿತು; 2017ರ ಜನವರಿಯಿಂದ ಅದು ಚಂದಾ ಲೆಕ್ಕಕ್ಕೆ ಬಂತು. ದೊಡ್ಡ ಬೋರ್ಡು ಬೇಕೇ, ಕಟ್ಟುತ್ತಲೇ ಇರಬೇಕಿತ್ತು.

ವರ್ಷಕ್ಕೆ ನಾಲ್ಕು ನಕ್ಷೆ ಬರೆಯುವವನು ನಾನು. ಕಟ್ಟುವುದು ನಿಲ್ಲಿಸಿದರೆ ನನ್ನದೇ ನಕ್ಷೆ ತಿದ್ದಲು ಬಾರದು ಎಂದರೆ, ನಮ್ಮ ಕಡೆಯವರಿಗೆ ಅದಕ್ಕೊಂದು ಹಳೆಯ ಹೆಸರಿದೆ: ಗೇಣಿ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತ ಸಾಗರ ತಾಲ್ಲೂಕು ನಮ್ಮ ಪಕ್ಕದ್ದೇ. ನಮ್ಮಜ್ಜನೂ ಗೇಣಿ ಅಳೆದವನು. ಹೋಲಿಕೆ ಸ್ವಲ್ಪ ಜಾಸ್ತಿಯಾಯಿತು ಅನ್ನುವವರು ಅನ್ನಲಿ.

ಹಾಗೆ ಬಂದದ್ದು ಕೀಕ್ಯಾಡ್. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜಾನ್‌ಪಿಯೆರ್ ಶಾರಾ 1992ರಲ್ಲಿ ಶುರುಮಾಡಿದ ಸಾಫ್ಟ್‌ವೇರು. ಬಿಟ್ಟಿ, ಜೊತೆಗೆ ಮೂಲ ಸಂಕೇತವೂ ತೆರೆದೇ ಇರುತ್ತದೆ. ಮೊದಲ ಮೂರು ತಿಂಗಳು ಬೈದುಕೊಂಡೇ ಕಲಿತೆ. ಚಿಹ್ನೆ ಬೇರೆ, ಬಿಡಿಭಾಗ ಕೂರುವ ತೂತಿನ ಅಳತೆ ಬೇರೆ. ಒಂದೊಂದನ್ನೂ ನಾವೇ ಜೋಡಿಸಬೇಕು. ಸಾಫ್ಟ್‌ವೇರಿನ ಲೈಬ್ರರಿಯ ಅಳತೆ ನಂಬಿ ಒಮ್ಮೆ ಕೆಟ್ಟೆ: ಬೆಂಗಳೂರಿನಲ್ಲಿ ಮಾಡಿಸಿದ ಹತ್ತು ಬೋರ್ಡು ಬಂದವು, ರಿಲೇ ಕಾಲು ಒಂದರಲ್ಲೂ ಇಳಿಯಲಿಲ್ಲ. ಅಂದಿನಿಂದ ನಕ್ಷೆಯನ್ನು ಅಸಲಿ ಅಳತೆಯಲ್ಲೇ ಮುದ್ರಿಸಿ, ರಟ್ಟಿಗೆ ಅಂಟಿಸಿ, ಬಿಡಿಭಾಗಗಳ ಕಾಲು ಚುಚ್ಚಿ ನೋಡಿದ ಮೇಲೇ ಗರ್ಬರ್ ಫೈಲು, ಅಂದರೆ ಬೋರ್ಡು ತಯಾರಿಸುವವರಿಗೆ ಕೊಡುವ ನಕ್ಷೆ, ಬೆಂಗಳೂರಿಗೆ ಕಳಿಸುವುದು.

ಅಣುಕಣಗಳನ್ನು ಡಿಕ್ಕಿ ಹೊಡೆಸುವ ಜಿನೀವಾದ ಸರ್ನ್ ಸಂಸ್ಥೆಯವರೂ 2013ರಲ್ಲಿ ಕೀಕ್ಯಾಡಿಗೆ ಕೈಜೋಡಿಸಿದರು. ಹೊಸ ಟ್ರ್ಯಾಕ್ ಎಳೆದರೆ ಹಳೆಯವು ಬಸ್ಸಿನ ಸೀಟಿನಲ್ಲಿ ಸರಿದು ಜಾಗ ಕೊಟ್ಟಂತೆ ಪಕ್ಕಕ್ಕೆ ಸರಿಯುವ ಸೌಕರ್ಯ ಅವರ ಕೊಡುಗೆ. ಅದಕ್ಕಿಂತ ನನಗೆ ಉಪಕಾರವಾದದ್ದು ನಿಯಮದ ತಪಾಸಣೆ. ಆಗುಂಬೆ ಸೀಮೆಯ ತೇವಕ್ಕೆ ಬೋರ್ಡಿನ ಮೇಲೆ ಬೂಷ್ಟು ಹಿಡಿಯುತ್ತದೆ. 230 ವೋಲ್ಟಿನ ಟ್ರ್ಯಾಕಿಗೂ ಉಳಿದವಕ್ಕೂ 6 ಮಿ.ಮೀ. ಅಂತರ ಇರಲಿ ಎಂದು ಒಮ್ಮೆ ಬರೆದಿಟ್ಟೆ. ಎಲ್ಲಿ ಕಡಿಮೆಯಾದರೂ ಅದೇ ಬೊಟ್ಟು ಮಾಡುತ್ತದೆ. ಹಲ್ಲಿಗಳ ಸಾವೂ ಕಡಿಮೆಯಾಯಿತು.

2018ರಲ್ಲಿ ಬಂದ ಕೀಕ್ಯಾಡಿನ ಐದನೇ ಆವೃತ್ತಿ ಈಗಲ್‌ನ ನಕ್ಷೆಗಳನ್ನೂ ತೆರೆಯಿತು. ನನ್ನ ಎರಡು ತುಂಡಿನ ಕಂಟ್ರೋಲರು ಒಂದಾಯಿತು. ಈಗಲ್ ಮಾರಾಟ, ಬೆಂಬಲ 2026ರ ಜೂನ್ 7ಕ್ಕೆ ನಿಲ್ಲುತ್ತದೆಂದು ಆಟೋಡೆಸ್ಕ್ 2023ರಲ್ಲಿ ಪ್ರಕಟಿಸಿದಾಗ ನಾನು ಗಾಬರಿಯಾಗಲಿಲ್ಲ. ಕೀಕ್ಯಾಡಿನ ಬೋರ್ಡು ಫೈಲು ಬರೀ ಅಕ್ಷರ, ನೋಟ್‌ಪ್ಯಾಡಿನಲ್ಲೂ ಓದಬಹುದು. ಹಾಗಂತ ದೋಷವಿಲ್ಲವೆಂದಲ್ಲ. ಹೊಸ ಆವೃತ್ತಿಯಲ್ಲಿ ಉಳಿಸಿದ್ದನ್ನು ಹಳೆಯದು ತೆರೆಯದು. ತೀರ್ಥಹಳ್ಳಿಯ ಹುಡುಗನೊಬ್ಬನಿಗೆ ನಕ್ಷೆ ಕಳಿಸಿದರೆ, "ಅಣ್ಣಾ, ತೆಗಿಯೋಕೇ ಬರ್ತಿಲ್ಲ" ಎಂದು ಫೋನು. ಅವನು ಹೊಸದನ್ನು ಇಳಿಸಿಕೊಂಡ. ವಾರದೊಳಗೆ ಸಿಡಿಲು ತಡೆಯುವ ಭಾಗ ಬದಲಿಸಿ ನನಗೇ ವಾಪಸ್ ಕಳಿಸಿದ. ಅವನದೇ ಚೆನ್ನಾಗಿತ್ತು. ಈಗ ನಾನು ಮಾಡುವುದು ಅದನ್ನೇ.

ಟರ್ಬೈನು ಹಾಕಿಸುವವರು ನನ್ನಲ್ಲಿಗೆ ಬರುವುದು ಈಗ ಕಡಿಮೆ, ಸೋಲಾರ್ ಬಂತು. 2025ರ ಜುಲೈಯಲ್ಲಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವುದೂ ತಪ್ಪಿತು. ಹಳ್ಳದ ಯಂತ್ರ ಇಟ್ಟುಕೊಂಡವರಲ್ಲಿ ಒಂದು ಕೇಳಿಕೆ: ಬೋರ್ಡು ಕೊಳ್ಳುವಾಗ ಅದರ ನಕ್ಷೆಯನ್ನೂ ಕೇಳಿ ಪಡೆಯಿರಿ. ನನ್ನ ಕಂಟ್ರೋಲರುಗಳ ಮುಚ್ಚಳದ ಒಳಗೆ ಅದನ್ನು ಅಂಟಿಸಿದ್ದೇನೆ, ಐಸಿ ನಂಬರಿನ ಸಮೇತ.